ಬಡಾವಣೆ ಕಟ್ಟಿಸಿದ ತಾತ

ತಿಂಗಳಿಗೊಂದು ಭಾನುವಾರ ನಮ್ಮ ವಾಚನಾಲಯದಲ್ಲಿ ಬಡಾವಣೆಯ ಚರಿತ್ರೆ ಕುರಿತು ಉಪನ್ಯಾಸ. ಆವತ್ತು ಕಿಟಕಿಯಲ್ಲೂ ಜನ ನೇತಾಡುತ್ತಾರೆ. ಏರ್ಪಾಡೆಲ್ಲ ಅಟೆಂಡರ್ ಪುಟ್ಟತಾಯಮ್ಮನದು.

ಈ ಸಲ ಇನ್ನೇನು ಶುರುವಾಗಬೇಕು, ನಗರಸಭೆ ಮೆಂಬರ್ ಕೆಂಪರಾಜಯ್ಯ ನುಗ್ಗಿದರು.

"ಈ ಬಡಾವಣೆ ಕಟ್ಟಿಸಿದ್ದೇ ನಮ್ಮ ತಾತ ಅಂತ ಮೈಕಲ್ಲಿ ಹೇಳಿಸು. ಇಲ್ಲಾಂದ್ರೆ ನಾಳೆಯಿಂದ ವಾಚನಾಲಯಕ್ಕೆ ಬೀಗ."

ಪುಟ್ಟತಾಯಮ್ಮ ಓಡಿಹೋಗಿ ಕುರ್ಚಿ ತಂದು ಹಾಕಿದಳು.

"ಎಂಥಾ ಒಳ್ಳೆ ಸುದ್ದಿ ತಂದ್ರಿ ಸ್ವಾಮಿ. ಇವತ್ತು ಅದೊಂದೇ ಗೊತ್ತಾಗದೆ ಒದ್ದಾಡ್ತಿದ್ವಿ. ಮೊದಲು ನೀವೇ ಮಾತಾಡಿ."

ಮೆಂಬರು ಹಿಗ್ಗಿ ಶಲ್ಯ ಸರಿ ಮಾಡಿಕೊಂಡರು. "ಇವತ್ತಿನ ವಿಷಯ ಏನು?"

"ನಮ್ಮೂರ ಕೆರೆ ಸ್ವಾಮಿ. ಅದನ್ನ ಮುಚ್ಚಿ ಬಡಾವಣೆ ಕಟ್ಟಿಸಿದ ಮಹಾನುಭಾವರು ಯಾರು ಅಂತ. ಮಳೆ ಬಂದಾಗೆಲ್ಲ ಮನೆಯೊಳಗೆ ಮೊಣಕಾಲುದ್ದ ನೀರು ನಿಲ್ಲುತ್ತಲ್ಲ, ಆ ಮನೆಯವರೆಲ್ಲ ತಿಳ್ಕೊಳ್ಳೋಕೆ ಬಂದಿದಾರೆ. ಅಗೋ, ಮುಂದಿನ ಸಾಲಲ್ಲೇ ಕೂತಿದಾರೆ."

ಮೆಂಬರು ಮುಂದಿನ ಸಾಲು ನೋಡಿದರು. ಅಷ್ಟರಲ್ಲಿ ಮೈಕು ಅವರ ಕೈಗೆ ಬಂದಾಗಿತ್ತು. ಅವರು ಗಂಟಲು ಸರಿ ಮಾಡಿಕೊಂಡರು.

"ಬಂಧುಗಳೇ, ಇಂಥ ಉಪನ್ಯಾಸ ತಿಂಗಳು ತಿಂಗಳೂ ನಡೀಲಿ. ಆದರೆ ಒಂದು ಮಾತು. ನಮ್ಮ ತಾತ ಈ ಊರಿನ ಕಡೆ ತಲೆ ಹಾಕಿ ಕೂಡ ಮಲಗಿದವರಲ್ಲ."