ಉಪದೇಶಿ ಚೌರಪ್ಪನೂ ಹೂಂ ಅನ್ನದ ಹುಡುಗಿಯೂ

ಹತ್ತಿರ ಬನ್ನಿ ಮಕ್ಕಳೇ, ಹೇಳ್ತೀನಿ. ಒಂದು ರಾಜ್ಯ ಇತ್ತು. ಅದರ ಗಡಿಯಲ್ಲಿ ಸಂತಪುರ ಅಂತ ಕ್ರೈಸ್ತರ ಊರು. ಊರಿಗೊಂದು ಚರ್ಚು, ಚರ್ಚಿಗೊಬ್ಬ ಉಪದೇಶಿ. ಹೆಸರು ಚೌರಪ್ಪ. ಮಕ್ಕಳಿಗೆ ಜಪ ಕಲಿಸುವುದು ಅವನ ಕೆಲಸ. ಅರ್ಥ ಕೇಳಿದವರ ಕಿವಿ ಹಿಂಡುತ್ತಿದ್ದ. ಯಾಕೆಂದರೆ ಅರ್ಥ ಅವನಿಗೂ ಗೊತ್ತಿರಲಿಲ್ಲ.

ಆ ವರ್ಷ ದೃಢೀಕರಣ ಸಂಸ್ಕಾರ ಕೊಡಲು ಬಿಷಪ್ಪರು ಬರುವವರಿದ್ದರು. ಪ್ರಾಯಕ್ಕೆ ಬಂದ ಮಕ್ಕಳು ಎಲ್ಲರೆದುರು 'ವಿಶ್ವಾಸಿಸುತ್ತೇನೆ' ಅನ್ನಬೇಕು. ಬಿಷಪ್ಪರು ಹಣೆಗೆ ಪವಿತ್ರ ತೈಲ ಹಚ್ಚುತ್ತಾರೆ. ಚೌರಪ್ಪ ಆಗಲೇ ಕಾಗದ ಬರೆದಿದ್ದ: 'ನಮ್ಮೂರಲ್ಲಿ ಒಂದು ಮಗುವೂ ತಪ್ಪಿಲ್ಲ. ಎಲ್ಲ ನನ್ನ ಶ್ರಮ.' ಬಿಷಪ್ಪರು ತನಗೆ ಸನ್ಮಾನದ ಶಾಲು ಹೊದಿಸುವಾಗ ಕತ್ತು ಹೇಗೆ ಬಾಗಿಸಬೇಕು ಅಂತ ಕನ್ನಡಿ ಮುಂದೆ ಅಭ್ಯಾಸವನ್ನೂ ಮಾಡಿದ್ದ.

ಆದರೆ ಅಂತೋಣಮ್ಮ ಅನ್ನುವ ಹದಿನಾರರ ಹುಡುಗಿ ಹೂಂ ಅನ್ನಲಿಲ್ಲ. ಹಿಂದಿನ ವರ್ಷ ಅವಳ ತಂಗಿಗೆ ಜ್ವರ ಬಂದಿತ್ತು. ಒಂಬತ್ತು ದಿನ ಅಂತೋಣಮ್ಮ ಚರ್ಚಿನ ಮಾತೆಯ ಪ್ರತಿಮೆ ಮುಂದೆ ಮೊಣಕಾಲೂರಿ ಬೇಡಿದಳು. ಹತ್ತನೇ ದಿನ ತಂಗಿ ತೀರಿಕೊಂಡಳು. ಅಂದಿನಿಂದ ಜಪಕ್ಕೆ ಕೂತರೆ ಒಂದೇ ಅನುಮಾನ: ಆ ಕಡೆ ಕೇಳುವವರು ಯಾರಾದರೂ ಇದ್ದಾರಾ?

ಮೊದಲು ಅಜ್ಜಿಯನ್ನು ಕೇಳಿದಳು. "ಅಜ್ಜಿ, ನಂಬಿಕೆ ಇಲ್ಲದೆ ನಂಬ್ತೀನಿ ಅಂದರೆ ಸುಳ್ಳಾಗಲ್ವಾ?"

"ಬಿಳಿ ಲಂಗ ಹೊಲಿಸಿ ಆಗಿದೆ ಕಣೇ," ಅಂದಳು ಅಜ್ಜಿ.

ಆಮೇಲೆ ಸೋದರಮಾವನನ್ನು ಕೇಳಿದಳು.

"ಹಿಂಗೆಲ್ಲ ಮಾತಾಡಿದರೆ ನಿನ್ನ ಯಾರು ಮದುವೆ ಆಗ್ತಾರೆ?" ಅಂದ ಮಾವ.

ಕೊನೆಗೆ ಚೌರಪ್ಪನನ್ನೇ ಕೇಳಿದಳು.

"ಬಾಯಿ ಆಡಿಸು ಸಾಕು," ಅಂದ ಅವನು. "ಒಳಗೇನಿದೆ ಅಂತ ಬಿಷಪ್ಪರೇನು ಇಣುಕಿ ನೋಡ್ತಾರಾ?"

"ದೇವರು ನೋಡಲ್ವಾ, ಉಪದೇಶಿಗಳೇ?"

ಚೌರಪ್ಪನ ಮುಖ ಕೆಂಪಾಯಿತು. "ನೀನು ಬರದಿದ್ದರೆ ನಿಮ್ಮಜ್ಜಿ ಸತ್ತ ದಿನ ಚರ್ಚಿನ ಗಂಟೆ ಹೊಡೆಸಲ್ಲ, ನೋಡ್ತಿರು."

ಅದನ್ನು ಕೇಳಿ ಅಜ್ಜಿ ಅತ್ತಳು. ಅಂತೋಣಮ್ಮ ಬಿಳಿ ಲಂಗ ಉಟ್ಟಳು.

ಬಿಷಪ್ಪರು ಬಂದರು. ಸಾಲು ಮುಂದೆ ಸರಿಯಿತು. ಅವಳ ಸರದಿ ಬಂತು.

"ವಿಶ್ವಾಸಿಸುತ್ತೀಯಾ, ಮಗಳೇ?"

ಅವಳು ಕೈ ಮುಗಿದಳು. "ಉಪದೇಶಿಗಳು ಹೇಳಿಕೊಟ್ಟದ್ದನ್ನು ಹಾಗೇ ಒಪ್ಪಿಸಲಾ, ಸ್ವಾಮಿ?"

ಚೌರಪ್ಪ ಪಕ್ಕದಲ್ಲೇ ನಿಂತಿದ್ದ. ಹಿಗ್ಗಿಹೋದ. "ಒಂದಕ್ಷರ ಬಿಡದೆ ಒಪ್ಪಿಸು ಮಗು," ಅಂದ.

ಒಂದಕ್ಷರ ಬಿಡದೆ ಒಪ್ಪಿಸಿದಳು. "ಬಾಯಿ ಆಡಿಸು ಸಾಕು. ಒಳಗೇನಿದೆ ಅಂತ ಬಿಷಪ್ಪರೇನು ಇಣುಕಿ ನೋಡ್ತಾರಾ?"



ಬಿಷಪ್ಪರು ಚೌರಪ್ಪನ ಕಡೆ ತಿರುಗಿದರು. "ಇದು ನಿನ್ನ ಪಾಠವೇನಪ್ಪ?"

ಚೌರಪ್ಪ ಕತ್ತು ಬಾಗಿಸಿದ.

"ಈ ಸಂಸ್ಕಾರದಲ್ಲಿ ನಮ್ಮ ಬಳಿಗೆ ಬರುವವರು ಯಾರು?"

"ತಾವೇ, ಸ್ವಾಮಿ."

"ಪವಿತ್ರಾತ್ಮರು ಕಣಪ್ಪ. ಅವರು ಕೊಡುವ ವರವಾದರೂ ಯಾವುದು?"

ಚೌರಪ್ಪನ ಕಣ್ಣು ಕುರ್ಚಿಯ ಮೇಲಿದ್ದ ಶಾಲಿನ ಕಡೆ ಹೋಯಿತು. ಚರ್ಚಿಗೆ ಚರ್ಚೇ ನಕ್ಕಿತು.

ಬಿಷಪ್ಪರು ಅಂತೋಣಮ್ಮನನ್ನು ಹತ್ತಿರ ಕರೆದರು. ಅವಳು ತಂಗಿಯ ವಿಷಯ ಹೇಳಿದಳು, ಗಂಟೆಯ ವಿಷಯವನ್ನೂ ಹೇಳಿದಳು.

"ಗಂಟೆ ಎಲ್ಲರಿಗೂ ಹೊಡೆಯುತ್ತೆ, ಹೆದರಬೇಡ," ಅಂದರು. "ಆದರೆ ಇವತ್ತು ತೈಲ ಬೇಡ. ಅನುಮಾನ ಇದೆ ಅಂತಲ್ಲ, ನಿನ್ನನ್ನು ಎಳೆದು ತಂದಿದ್ದಾರೆ ಅಂತ. ದೇವರ ಹತ್ತಿರ ಜಗಳವಾಡಬೇಕಾದರೆ ಆಡು. ನಿನಗೇ ಬೇಕು ಅನ್ನಿಸಿದ ದಿನ ಬಾ. ಅನುಮಾನ ಉಳಿದಿದ್ದರೆ ಅದನ್ನೂ ಕರಕೊಂಡು ಬಾ."

ಚೌರಪ್ಪನ ಕೆಲಸ ಹೋಯಿತು. ಭಾನುವಾರ ಭಾನುವಾರ ಆರು ವರ್ಷದ ಮಕ್ಕಳ ಜೊತೆ ಮೋಟು ಬೆಂಚಿನ ಮೇಲೆ ಕೂತು ಮೊದಲಿಂದ ಪಾಠ ಕಲಿಯಬೇಕು ಅಂತ ಅಪ್ಪಣೆಯಾಯಿತು. ಆ ಮಕ್ಕಳು ಅರ್ಥ ಕೇಳುತ್ತಿದ್ದರು. ಅವನು ತನ್ನ ಕಿವಿ ಮುಚ್ಚಿಕೊಂಡು ಕೂರುತ್ತಿದ್ದ.

ಮೂರು ವರ್ಷ ಕಳೆಯಿತು. ಬಿಷಪ್ಪರು ಮತ್ತೆ ಊರಿಗೆ ಬಂದ ದಿನ ಅಂತೋಣಮ್ಮ ಹಳೇ ಸೀರೆ ಉಟ್ಟು, ಯಾರೂ ಕರೆಯದೆ, ತಾನಾಗಿ ಬಂದು ಸಾಲಿನಲ್ಲಿ ನಿಂತಳು. "ಅನುಮಾನ ಹೋಯಿತೇನಮ್ಮ?" ಅಂತ ಬಿಷಪ್ಪರು ಕೇಳಿದರು. "ಅರ್ಧ ಇದೆ, ಸ್ವಾಮಿ. ಆದರೂ ಬೇಕು ಅನ್ನಿಸಿತು," ಅಂದಳು. ಅವರು ಹಣೆಗೆ ತೈಲ ಹಚ್ಚಿದರು.

ನೀತಿ ಇಷ್ಟೇ ಮಕ್ಕಳೇ: ಅನುಮಾನ ಪಡುವುದು ಪಾಪವಲ್ಲ. ಇಲ್ಲದ ನಂಬಿಕೆಯನ್ನು ಇದೆ ಅನ್ನುವುದು ಪಾಪ. ಇನ್ನೊಬ್ಬರನ್ನು ಹೆದರಿಸಿ ಅವರ ಬಾಯಲ್ಲಿ ಅದನ್ನು ಹೇಳಿಸುವುದು ಇನ್ನೂ ದೊಡ್ಡ ಪಾಪ.