ಬೊಗಸೆಯಲ್ಲಿ ಉಳಿದ ನೀರು

ಮಲಪ್ರಭೆಯ ದಂಡೆಯ ಮೇಲೆ ಅಡವಯ್ಯಜ್ಜನ ಮಠ. ಮಠ ಅಂದರೆ ದೊಡ್ಡದೇನಲ್ಲ. ಒಂದು ಪಡಸಾಲೆ, ಒಂದು ಬೇವಿನ ಮರ, ಹೊಳೆಗೆ ಇಳಿಯುವ ಮೆಟ್ಟಿಲು. ಅಲ್ಲಿ ಕಲಿಸುತ್ತಿದ್ದದ್ದು ಮಂತ್ರವನ್ನಲ್ಲ, ಕಥೆ ಕಟ್ಟುವುದನ್ನು.

ಆ ಮಠದಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಪುಸ್ತಕ ಬರೆಯಲು ಹೊರಟವರು ಬೆಳಿಗ್ಗೆ ಹೊಳೆಗಿಳಿದು ಬೊಗಸೆ ತುಂಬ ನೀರು ಹಿಡಿಯಬೇಕು. ಏನು ಬರೆಯುತ್ತೇನೆ ಅನ್ನುವ ಸಂಕಲ್ಪವನ್ನು ಅಜ್ಜನೆದುರು ಹೇಳಬೇಕು. ನೀರು ಸೋರಿಹೋಗುವುದರೊಳಗೆ ಹೇಳಿ ಮುಗಿಸಿದರೆ ಲೇಖನಿ ಕೈಗೆ ಬರುತ್ತದೆ. ಇಲ್ಲದಿದ್ದರೆ ಮರುದಿನ ಮತ್ತೆ ಹೊಳೆ.

ಕೇಳಲು ಸುಲಭ. ಹಿಡಿದು ನೋಡಿ, ಗೊತ್ತಾಗುತ್ತದೆ. ನೀರಿಗೆ ಯಾರ ಮುಲಾಜೂ ಇಲ್ಲ.

ಶರಭ ಎಂಬ ಶಿಷ್ಯ ಬಂದ. ಅವನದು ಮೊದಲ ಕಾದಂಬರಿ, ಅದೂ ಮಾಯಾಲೋಕದ್ದು. ರೆಕ್ಕೆಯ ಕುದುರೆ, ಮೋಡದ ಮೇಲೊಂದು ಪಟ್ಟಣ, ಮಾತಾಡುವ ಮರಗಳು ಎಲ್ಲ ಅದರಲ್ಲಿದ್ದವು.

ಮೊದಲ ದಿನ ಅವನು ನೀರು ಹಿಡಿದು ಶುರುಮಾಡಿದ. ಏಳು ಸಮುದ್ರಗಳ ಕಥೆ ಬರೆಯುತ್ತೇನೆ ಅಂದ. ಒಂದೊಂದು ಸಮುದ್ರಕ್ಕೆ ಒಂದೊಂದು ಸಂಪುಟ ಅಂದ. ಅಲ್ಲಿಯ ರಾಜರ ವಂಶಾವಳಿ ಕಟ್ಟುತ್ತೇನೆ, ಹಕ್ಕಿಗಳಿಗೆ ಬೇರೆ ಭಾಷೆಯನ್ನೇ ಮಾಡುತ್ತೇನೆ, ಯುಗಾದಿಯೊಳಗೆ ಇಷ್ಟು, ದೀಪಾವಳಿಯೊಳಗೆ ಅಷ್ಟು, ಅಂತ ಹೇಳುತ್ತಲೇ ಇದ್ದ. ಎರಡನೆಯ ಸಮುದ್ರ ದಾಟುವುದರೊಳಗೆ ಅವನ ಕೈ ಬರಿದಾಗಿತ್ತು.

"ನೀರು ಹೋತು. ನಾಳೆ ಬಾ," ಅಂದರು ಅಜ್ಜ.

ಮರುದಿನ ಬೆರಳುಗಳನ್ನು ಬಿಗಿಯಾಗಿ ಕೂಡಿಸಿಕೊಂಡು ಬಂದ. ಆಮೇಲೊಂದು ದಿನ ಉಸಿರು ಬಿಡದೆ ಗಡಿಬಿಡಿಯಲ್ಲಿ ಒದರಿದ. ಆದರೆ ಅವನ ಸಂಕಲ್ಪ ದಿನದಿನಕ್ಕೂ ಬೆಳೆಯುತ್ತಿತ್ತು. ಸಮುದ್ರದ ಆಚೆ ಇನ್ನೊಂದು ಸಮುದ್ರ ಹುಟ್ಟುತ್ತಿತ್ತು, ಬಾಗಿಲಿನ ಹಿಂದೆ ಇನ್ನೊಂದು ಬಾಗಿಲು.

ಉಳಿದ ಶಿಷ್ಯರು ಬಿಡುತ್ತಾರೆಯೇ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವನು ಅಂತ ಆಡಿಕೊಂಡರು. ಶರಭ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕೆಳಗೆ ನೋಡುತ್ತ ಊಟ ಮಾಡಿ ಎದ್ದುಹೋದ. ಆಗಲೇ ಅವರಿಗೆ ತಿಳಿಯಬೇಕಿತ್ತು, ಇವನ ಮನಸ್ಸಿನಲ್ಲಿ ಬೇರೇನೋ ಇದೆ ಅಂತ. ತಿಳಿಯಲಿಲ್ಲ.

ಕಡೆಗೊಂದು ಬೆಳಿಗ್ಗೆ ಅವನು ಹಿತ್ತಾಳೆಯ ಚಂಬು ಹಿಡಿದುಕೊಂಡು ಬಂದ. ಅದರಲ್ಲೇ ನೀರು ತುಂಬಿಕೊಂಡು ಅಜ್ಜನೆದುರು ನಿಂತ.

ಅಜ್ಜ ಚಂಬನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ಸೋರೂದಿಲ್ಲಲ್ಲ?"

"ಇಲ್ಲ ಅಜ್ಜಾರ."

"ಹಂಗಾರ ನೀ ಮುಗಿಸೂದೂ ಇಲ್ಲ," ಅಂದವರೇ ಎದ್ದು ಒಳಗೆ ಹೋದರು.

ಶರಭ ಮೆಟ್ಟಿಲ ಮೇಲೆ ಕೂತುಬಿಟ್ಟ. ಊಟಕ್ಕೆ ಕರೆದರೆ ಏಳಲಿಲ್ಲ. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಅವನು ಚಂಬನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಗೇ ಇದ್ದ.

ಸಂಜೆಯ ಹೊತ್ತಿಗೆ ಅಜ್ಜ ಬಂದು ಪಕ್ಕದಲ್ಲಿ ಕೂತರು.

"ಇಷ್ಟ ದಿನ ಏನೇನೋ ಹೇಳಿದಿ. ಕಥಿ ಎಲ್ಲಿ ಮುಗೀತೈತಿ ಅಂತ ಒಂದ ದಿನಾನೂ ಹೇಳಲಿಲ್ಲ."

ಶರಭ ಹೊಳೆಯ ಕಡೆ ಮುಖ ಮಾಡಿಕೊಂಡ. ಹಾಗೇ ಹೇಳತೊಡಗಿದ.

ಅವನಿಗೊಬ್ಬ ತಂಗಿ ಇದ್ದಳು, ನಿಂಬೆವ್ವ. ತಾಯಿ ಇಲ್ಲದ ಕೂಸು. ಅವಳನ್ನು ಸಮಾಧಾನ ಮಾಡಲು ಅವನು ಈ ಕಥೆ ಕಟ್ಟಿದ್ದ. ಒಬ್ಬ ಹುಡುಗಿ ಬಿಳಿ ಕುದುರೆ ಹತ್ತಿ ಸಮುದ್ರಗಳನ್ನು ದಾಟಿ ಮೋಡದ ಪಟ್ಟಣಕ್ಕೆ, ಅಲ್ಲಿರುವ ಅವ್ವನ ಮನೆಗೆ ಹೊರಟಿದ್ದಾಳೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅಷ್ಟಷ್ಟೇ ಹೇಳುತ್ತಿದ್ದ. ಕಥೆ ಹೇಳುವವರ ಚಾಳಿ ಗೊತ್ತಲ್ಲ, ಒಳ್ಳೇ ಜಾಗಕ್ಕೆ ಬಂದಾಗ ನಿಲ್ಲಿಸಿ ಉಳಿದದ್ದು ನಾಳೆ ಅನ್ನುತ್ತಾರೆ. ಇವನೂ ಹಾಗೇ ಅನ್ನುತ್ತಿದ್ದ. ಅವಳು ಚಾದರವನ್ನು ಗದ್ದದವರೆಗೆ ಎಳೆದುಕೊಂಡು, ಮುಂದೇನಾತೋ ಯಣ್ಣಾ ಅಂತ ಕಾಡುತ್ತಿದ್ದಳು.

ಆಮೇಲೆ ಅವಳಿಗೆ ಜ್ವರ ಬಂತು, ಬಂದದ್ದು ಬಿಡಲಿಲ್ಲ. ವೈದ್ಯರು ಅವನನ್ನು ಹೊರಗೆ ಕರೆದು, ಇನ್ನು ನಮ್ಮ ಕೈಯಲ್ಲಿಲ್ಲ ಅಂದರು.

ಅವತ್ತಿನಿಂದ ಶರಭ ಕಥೆಯನ್ನು ಎಳೆಯತೊಡಗಿದ. ಕುದುರೆಯ ಕಾಲು ಉಳುಕಿಸಿದ. ಹೊಸ ಸಮುದ್ರ ತಂದ. ಒಂದು ಬಾಗಿಲು ತೆರೆದರೆ ಅದರ ಹಿಂದೆ ಇನ್ನೊಂದು ಇಟ್ಟ. ಕಥೆ ಉಳಿದಿರುವ ತನಕ ತಂಗಿಯೂ ಉಳಿಯುತ್ತಾಳೆ ಅಂತ ನಂಬಿದ್ದ. ಮುಂದೇನು ಅಂತ ಕೇಳುವುದು ಬಾಕಿ ಇರುವವಳು ಹೇಗೆ ಹೋದಾಳು?

ಹುಚ್ಚು ನಂಬಿಕೆ ಅಂತೀರಿ. ಇರಲಿ. ಅವನಿಗೆ ಹಿಡಿದುಕೊಳ್ಳಲು ಬೇರೆ ಏನಿತ್ತು, ಪಾಪ.

ಕೊನೆಯ ದಿನ ಅವಳೇ ಬೇಡಿಕೊಂಡಳು. ಧ್ವನಿ ಏಳುತ್ತಿರಲಿಲ್ಲ. "ಇವತ್ತ ಮುಗಿಸಿಬಿಡೋ ಯಣ್ಣಾ. ಆಕಿ ಅವ್ವನ ಮನಿ ಮುಟ್ಟಿದಳೇನು?"

ಅವನು ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ, ನಾಳೆ ಹೇಳುತ್ತೇನೆ ಅಂದ. ಮಧ್ಯಾಹ್ನ ನಿಂಬೆವ್ವ ಹೋಗಿಬಿಟ್ಟಳು.

"ಬಾಯಾಗ ಇತ್ತು, ಅಜ್ಜಾರ," ಅಂದ ಶರಭ. "ಒಂದ ಮಾತು. ಮುಟ್ಟಿದಳು ಅಂದಿದ್ದರ ಸಾಕಿತ್ತು."

ಅಜ್ಜ ಚಂಬನ್ನು ಅವನ ತೊಡೆಯಿಂದ ತೆಗೆದುಕೊಂಡು, ಅದರಲ್ಲಿದ್ದ ನೀರನ್ನು ಬೇವಿನ ಬುಡಕ್ಕೆ ಸುರಿದು ಒಳಗೆ ಹೋದರು.

ಬೆಳಗಾಯಿತು. ಶರಭ ಬರಿಗೈಯಲ್ಲಿ ಹೊಳೆಗಿಳಿದ. ಬೊಗಸೆ ತುಂಬಿಕೊಂಡು ಮೇಲೆ ಬಂದ. ಉಳಿದ ಶಿಷ್ಯರು ಪಡಸಾಲೆಯಿಂದ ನೋಡುತ್ತಿದ್ದರು, ಇವತ್ತು ಎಷ್ಟನೆಯ ಸಮುದ್ರದವರೆಗೆ ಹೋಗುತ್ತಾನೆ ಅಂತ.

"ಆ ಹುಡುಗೀನ ಆಕಿ ಅವ್ವನ ಮನಿ ಮುಟ್ಟಸ್ತೀನಿ," ಅಂದ ಶರಭ.

ಅಷ್ಟೇ ಸಂಕಲ್ಪ. ಬೆರಳ ಸಂದಿಯಿಂದ ಇನ್ನೂ ಹನಿ ಇಳಿಯಲು ಶುರುವಾಗಿತ್ತು ಅಷ್ಟೇ. ಬೊಗಸೆಯ ನೀರು ಹಾಗೇ ಇತ್ತು. ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಆ ಮೆಟ್ಟಿಲ ಮೇಲೆ ಅವನ ಕೈಯಲ್ಲಿ ನೀರು ಉಳಿದದ್ದು ಅದೇ ಮೊದಲು.

"ಉಳಿದದ್ದು ತಂಗಿಗೆ ಬಿಡು," ಅಂದರು ಅಜ್ಜ.

ಅವನು ಬಗ್ಗಿ ನೀರನ್ನು ಹೊಳೆಗೆ ಬಿಟ್ಟ. ಬಿಡುವಾಗ ಅವನಿಗೆ ಅಳು ತಡೆಯಲಾಗಲಿಲ್ಲ. ತಂಗಿ ಸತ್ತಾಗ ಅತ್ತಿರದವನು ಈಗ ಬಿಕ್ಕಿ ಬಿಕ್ಕಿ ಅತ್ತ. ಪಡಸಾಲೆಯಲ್ಲಿ ಯಾರೂ ಆಡಿಕೊಳ್ಳಲಿಲ್ಲ.

ಅಳು ನಿಂತ ಮೇಲೆ ಲೇಖನಿಗಾಗಿ ಕೈ ಚಾಚಿದ. ಅಜ್ಜ ಕೊಡಲಿಲ್ಲ.

"ಬರಿಯೂದು ಆಮ್ಯಾಲ. ಮೊದಲ ಹೇಳು."

ಹಾಗಂದು ಅವನೆದುರು ಮೆಟ್ಟಿಲ ಮೇಲೆ ಕೂತರು. ಮೊಣಕಾಲು ಮಡಿಸಿಕೊಂಡು, ಹೊದ್ದ ಶಾಲನ್ನು ಗದ್ದದವರೆಗೆ ಎಳೆದುಕೊಂಡರು.

ಶರಭ ಹೇಳಲು ಶುರುಮಾಡಿದ. ಕುದುರೆ ಮೋಡದ ಪಟ್ಟಣದಲ್ಲಿ ಇಳಿಯಿತು. ಹುಡುಗಿ ಕೆಳಗಿಳಿದು ಓಣಿಯಲ್ಲಿ ನಡೆದಳು. ಕೊನೆಯ ಬಾಗಿಲು ಬಂತು. ಅದರ ಹಿಂದೆ ಬೇರೆ ಬಾಗಿಲು ಇರಲಿಲ್ಲ. ಅವಳು ಕದದ ಮೇಲೆ ಕೈ ಇಟ್ಟಳು.

ಅಲ್ಲಿಗೆ ಅವನ ಮಾತು ನಿಂತಿತು. ತಂಗಿಗೆ ಹೇಳುವಾಗ ನಿಲ್ಲಿಸಿದ್ದೂ ಅಲ್ಲೇ. ಅವನು ಅಜ್ಜನ ಮುಖ ನೋಡಿದ, ಇವತ್ತಿಗೆ ಬಿಡಿ, ನಾಳೆ ಹೇಳುತ್ತೇನೆ ಅನ್ನುವವನ ಹಾಗೆ.

ಅಜ್ಜ ಶಾಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಕೇಳಿದರು:

"ಮುಂದೇನಾತೋ ಯಣ್ಣಾ?"