ಕೈಬಿಟ್ಟ ಒಂಬತ್ತು ಮಂದಿ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಬೇರು, ಎಲೆ ಅರೆದು ಔಷಧ ಕೊಡುವ ವೃದ್ಧರೊಬ್ಬರು ಅಲ್ಲಿದ್ದರು. ಹೆಸರು ಗುರುಪಾದಯ್ಯ. ಸುತ್ತಲಿನ ಊರವರಿಗೆಲ್ಲ ಅವರು ಅಜ್ಜಾರು.

ಕಸ್ತೂರಿ ಅವರ ಒಬ್ಬಳೇ ಶಿಷ್ಯೆ. ಮೂರು ವರ್ಷ ಅವರ ಹಿಂದೆ ಹೊಳೆದಂಡೆ ತಿರುಗಿ ಗಿಡಗಳ ಗುರುತು ಕಲಿತಿದ್ದಳು. ಆಮೇಲೆ ಊರು ಬಿಟ್ಟು ಓದಿ ವಿಜ್ಞಾನಿಯಾದಳು. ಅಂಟುರೋಗಗಳಿಗೆ ಗಿಡಮೂಲಿಕೆಗಳಲ್ಲಿ ಮದ್ದು ಹುಡುಕುವುದು ಅವಳ ಕೆಲಸವಾಯಿತು.

ಹಳೆಯ ಕೆಮ್ಮಿಗೆ ಅಜ್ಜಾರು ಒಂದು ಬಳ್ಳಿಯ ಕಷಾಯ ಕೊಡುತ್ತಿದ್ದರು. ಕಸ್ತೂರಿ ಆ ಬಳ್ಳಿಯನ್ನೇ ಹಿಡಿದು ಹನ್ನೆರಡು ವರ್ಷ ಕೂತಳು. ಗಾಜಿನ ತಟ್ಟೆಯಲ್ಲಿ ಬಳ್ಳಿಯ ರಸ ಕ್ಷಯದ ಕ್ರಿಮಿಗಳನ್ನು ಕೊಂದಿತು. ಪತ್ರಿಕೆಯಲ್ಲಿ ಅವಳ ಫೋಟೊ ಬಂತು.

ಮುಂದೆ ಕ್ಷಯರೋಗಿಗಳ ಮೇಲೆ ಬಳ್ಳಿಯ ಪರೀಕ್ಷೆ ನಡೆಯಿತು. ಆಸ್ಪತ್ರೆಯ ಗುಳಿಗೆ ಎಲ್ಲರಿಗೂ ಇದ್ದೇ ಇತ್ತು. ಅದರ ಜೊತೆಗೆ ಅರ್ಧ ಜನಕ್ಕೆ ಬಳ್ಳಿಯ ಮಾತ್ರೆ, ಉಳಿದರ್ಧ ಜನಕ್ಕೆ ಅದೇ ಬಣ್ಣದ ಬರೀ ಹಿಟ್ಟಿನ ಮಾತ್ರೆ. ಕೊನೆಗೆ ನೋಡಿದರೆ ಎರಡು ಗುಂಪುಗಳ ನಡುವೆ ಏನೇನೂ ವ್ಯತ್ಯಾಸವಿರಲಿಲ್ಲ.

ಒಂದು ಬೆಳಿಗ್ಗೆ ಕಸ್ತೂರಿ ಮಠದ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಎರಡು ವರದಿಗಳಿದ್ದವು.

"ಎರಡ್ಯಾಕ?" ಅಜ್ಜಾರು ಕೇಳಿದರು.

"ಒಂದರಾಗ ಬಳ್ಳಿ ಸೋತದ. ಇನ್ನೊಂದರಾಗ ಗೆದ್ದದ."

"ಬಳ್ಳಿ ಒಂದ ಅಲ್ಲೇನು?"

ಕಸ್ತೂರಿ ತಲೆ ತಗ್ಗಿಸಿದಳು. "ಬಳ್ಳಿ ತಗೊಂಡವರೊಳಗ ಒಂಬತ್ತು ಮಂದಿ ಗುಣ ಆಗಲಿಲ್ರಿ. ಅವರು ನಡನಡುವ ಮಾತ್ರೆ ತಪ್ಪಿಸಿದ್ರು. ಅವರನ್ನ ಪಟ್ಟಿಯಿಂದ ಬಿಡು ಅಂತಾರ ನಮ್ಮ ಲ್ಯಾಬಿನ ಹಿರಿಯರು. ಬಿಟ್ಟರ ಬಳ್ಳಿ ಗೆಲ್ಲತದ."

"ಆ ಕಡೆ ಗುಂಪಿನಾಗ ತಪ್ಪಿಸಿದವರು ಇಲ್ಲೇನು?"

"ಅದಾರ್ರಿ."

"ಅವರನ್ನೂ ಬಿಡತೀರೇನು?"

"ಇಲ್ರಿ," ಅಂದಳು ಕಸ್ತೂರಿ.

"ಆ ಒಂಬತ್ತು ಮಂದಿ ಯಾರು?"

"ಹೆಸರು ಹೇಳೂ ಹಂಗಿಲ್ರಿ."

"ಹೆಸರು ಬ್ಯಾಡ. ಮನಷ್ಯಾರನ್ನ ಹೇಳು."

ಅವಳು ಹೇಳತೊಡಗಿದಳು. ಒಬ್ಬಳು ಬಳೆ ಮಾರುವವಳು. ಊರೂರು ತಿರುಗುವಾಗ ಮಾತ್ರೆಯ ಡಬ್ಬಿ ಮನೆಯಲ್ಲೇ ಉಳಿಯುತ್ತಿತ್ತು. ಇನ್ನೊಬ್ಬಳು ಶಾಲೆಯ ಟೀಚರು. ಗಂಡನಿಗೆ ರೋಗದ ವಿಷಯ ಹೇಳದೆ ಮಾತ್ರೆಗಳನ್ನು ಅಕ್ಕಿಯೊಳಗೆ ಹುಗಿದಿಟ್ಟಿದ್ದಳು.

ಮತ್ತೊಬ್ಬ ಕಲ್ಲುಗಣಿಯವನು. ಆಸ್ಪತ್ರೆಗೆ ಬಂದಾಗಲೆಲ್ಲ ಕಸ್ತೂರಿಗೆ "ಊಟ ಆತೇನ್ರಿ ಅಕ್ಕಾರ?" ಎಂದು ಕೇಳುತ್ತಿದ್ದ. ಅವಳನ್ನು ಹಾಗೆ ಕೇಳುವವರು ಅವಳು ಕೆಲಸ ಮಾಡುವ ಊರಲ್ಲಿ ಬೇರೆ ಯಾರೂ ಇರಲಿಲ್ಲ. ಪರೀಕ್ಷೆ ಮುಗಿಯುವ ಮೊದಲೇ ಅವನು ತೀರಿಕೊಂಡ.

ಒಂಬತ್ತನೆಯವರ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು.

"ಈಗ ಬಿಡು," ಅಂದರು ಅಜ್ಜಾರು. "ಒಬ್ಬೊಬ್ಬರನ್ನ ಬಿಟ್ಟು ತೋರಸು."

"ಆಗಂಗಿಲ್ರಿ."

ಕಸ್ತೂರಿ ವರದಿಗಳನ್ನು ಕೆಳಗಿಟ್ಟಳು. ಆಮೇಲೆ ಅಂದಳು, "ಅಜ್ಜಾ, ಈ ಬಳ್ಳಿ ಕೆಲಸ ಒಂದು ಬಿಟ್ಟರ ನನ್ನ ಕಡೆ ಏನೂ ಇಲ್ಲ. ಕೂಡ ಕೆಲಸ ಮಾಡಿದವರೆಲ್ಲ ಬ್ಯಾರೆ ಕಡೆ ಹೋದ್ರು. ಮನಿಗೆ ಹೋದರ ಬಾಗಲಾ ತಗಿಯಾಕೂ ನಾನ, ಹಾಕಾಕೂ ನಾನ. ಮ್ಯಾಲ ಇದು ನಿಮ್ಮ ಬಳ್ಳಿ. ನಲವತ್ತು ವರ್ಷ ನೀವು ಕೊಟ್ಟದ್ದು. ಸೋತದ ಅಂತ ನಾ ಹೆಂಗ ಬರೀಲಿ?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಯಾರೋ ಕೆಮ್ಮಿದರು.

ಬಂದವನು ಆಚೆ ದಂಡೆಯ ಮಾಯಪ್ಪ, ಕಂಬಳಿ ನೇಯುವವನು. ಏದುಸಿರು ಬಿಡುತ್ತ ಕಂಬಕ್ಕೆ ಒರಗಿದ.

"ಅಜ್ಜಾರ, ದವಾಖಾನಿ ಗುಳಿಗಿ ಬಿಟ್ಟೀನ್ರಿ. ಹೊಟ್ಟಿ ಉರೀತದ. ನಿಮ್ಮ ಬಳ್ಳಿ ಕೊಡ್ರಿ." ಅಂಗಿಯ ಕಿಸೆಯಿಂದ ಮಡಚಿದ ಪತ್ರಿಕೆಯ ತುಂಡು ತೆಗೆದ. "ಕ್ಷಯಕ್ಕ ಇದ ಮದ್ದು ಅಂತ ಪೇಪರಿನಾಗ ಬಂದದ."

ಅಜ್ಜಾರು ಕಸ್ತೂರಿಯತ್ತ ಕೈ ತೋರಿಸಿದರು. "ಇಕಿನ್ನ ಕೇಳು."

ಕಸ್ತೂರಿ ಅಜ್ಜಾರ ಮುಖ ನೋಡಿದಳು. ಅವರು ಹೊಳೆ ನೋಡುತ್ತಿದ್ದರು.

"ಬಳ್ಳಿಯಿಂದ ನಿಮ್ಮ ರೋಗ ಹೋಗಂಗಿಲ್ರಿ," ಅಂದಳು. "ಗುಳಿಗಿ ಬಿಡಬ್ಯಾಡ್ರಿ. ಹೊಟ್ಟಿ ಉರೀತದ ಅಂತ ಡಾಕ್ಟರಿಗೆ ಹೇಳ್ರಿ. ಅದಕ್ಕೂ ದಾರಿ ಅದ."

"ಹಂಗಾರ ಪೇಪರಿನಾಗ ಬಂದದ್ದು ಸುಳ್ಳೇನು? ಹೇಳಾಕ ನೀವ್ಯಾರು?"

"ಆ ಪೇಪರಿನಾಗಿರೋಕಿ ನಾನ ರೀ."

ಮಾಯಪ್ಪ ಫೋಟೊ ನೋಡಿದ. ಅವಳನ್ನು ನೋಡಿದ. ಅಜ್ಜಾರ ಕಡೆ ತಿರುಗಿದ. "ನೀವೂ ಇದನ್ನ ಹೇಳತೀರೇನ್ರಿ?"

"ಇಕಿ ನೋಡಿ ಬಂದಾಳ," ಅಂದರು ಅಜ್ಜಾರು. "ನಾ ಬರೇ ನಂಬಿದ್ದೆ."

ಮಾಯಪ್ಪನಿಗೆ ಸಿಟ್ಟು ಬಂತು. ಮಠದಲ್ಲೂ ಮದ್ದಿಲ್ಲವೆಂದರೆ ಇನ್ನೆಲ್ಲಿಗೆ ಹೋಗುವುದು ಎಂದು ಗೊಣಗುತ್ತ ಮೆಟ್ಟಿಲಿಳಿದ.

ಅಜ್ಜಾರು ಗೋಡೆ ಹಿಡಿದು ಎದ್ದರು. "ತಡಿಯೋ ಮಾಯಪ್ಪ. ದವಾಖಾನಿತನಕ ನಾ ಬರತೀನಿ."

ಇಬ್ಬರೂ ದೋಣಿ ಹತ್ತಿದರು. ದೋಣಿ ಆಚೆ ದಂಡೆ ಮುಟ್ಟುವವರೆಗೂ ಕಸ್ತೂರಿ ನೋಡುತ್ತ ನಿಂತಳು. ಆಮೇಲೆ ಒಳಗೆ ಹೋಗಿ ಬಳ್ಳಿ ಗೆದ್ದ ವರದಿಯನ್ನು ಒಲೆಗೆ ಹಾಕಿದಳು. ಅದೇ ಉರಿಯಲ್ಲಿ ಜೋಳದ ಅಂಬಲಿ ಕಾಸಿದಳು. ಸಂಜೆ ದಣಿದು ಬಂದ ಅಜ್ಜಾರು ಅದನ್ನು ಕುಡಿದು, ಏನೂ ಕೇಳದೆ ಮಲಗಿದರು.

ಉಳಿದ ವರದಿ ಪ್ರಕಟವಾಯಿತು. ಒಂಬತ್ತೂ ಮಂದಿ ಅದರಲ್ಲಿದ್ದರು. ಈ ಸಲ ಯಾರೂ ಅವಳ ಫೋಟೊ ಕೇಳಲಿಲ್ಲ. ಬಳ್ಳಿಯ ಕೆಲಸ ನಿಂತಿತು. ಅವಳ ಮೇಜು ಹಳೆಯ ಸಾಮಾನಿನ ಕೋಣೆಯ ಪಕ್ಕಕ್ಕೆ ಹೋಯಿತು. ಹಿರಿಯರು ಎದುರಿಗೆ ಸಿಕ್ಕರೆ ಗಡಿಯಾರ ನೋಡಿಕೊಂಡು ಮುಂದೆ ಹೋಗುತ್ತಿದ್ದರು. ಕಸ್ತೂರಿ ಬೇರೊಂದು ಗಿಡದ ಬೇರು ತಂದು, ಮತ್ತೆ ಗಾಜಿನ ತಟ್ಟೆಯಿಂದ ಶುರು ಮಾಡಿದಳು.

ಮುಂದಿನ ಚಳಿಗಾಲ ಅವಳು ಮಠಕ್ಕೆ ಬಂದಳು.

ಹಿಂದೆಲ್ಲ ಆ ಜಗಲಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಈಗ ಅಜ್ಜಾರು ಒಬ್ಬರೇ ಚಾಪೆ ಹಾಸಿಕೊಂಡು ಕೂತಿದ್ದರು. ಅರೆಯುವ ಕಲ್ಲು ಒಣಗಿತ್ತು.

"ಯಾರೂ ಬರಂಗಿಲ್ಲೇನ್ರಿ?"

"ಕೆಮ್ಮಿನವರು ದವಾಖಾನಿಗೆ ಹೋಗತಾರ. ಮಾಯಪ್ಪನೂ ಅಲ್ಲೇ ಹೊಂಟಾನ. ಬಳ್ಳಿ ಸುದ್ದಿ ಕೇಳಿ ಉಳಿದವರೂ ಬರೂದು ಬಿಟ್ರು."

"ನಾ ವರದಿ ಬರದು ಹಾಕಿದ್ದಕ್ಕ ಹಿಂಗಾತು."

"ಹೌದು."

ಅವಳು ಇನ್ನೊಂದು ಮಾತಿಗೆ ಕಾದಳು. ಹೊಳೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಆಚೆ ದಂಡೆಯಲ್ಲಿ ದೋಣಿ ಖಾಲಿ ನಿಂತಿತ್ತು.

"ಸಂಜಿಮುಂದ ಒಬ್ಬನೇ ಅದೀನಿ ಅನಸೂದಿಲ್ಲೇನ್ರಿ ಅಜ್ಜಾ?" ಕಸ್ತೂರಿ ಕೇಳಿದಳು. "ನನಗ ಅನಸತದ."

ಅಜ್ಜಾರು ಚಾಪೆಯ ಒಂದು ತುದಿಗೆ ಸರಿದರು.

"ನನಗೂ ಅನಸತದ ಮಗಳ. ಬಾ, ಕುಂದರು."